ಕದಲುವ ಚಿತ್ರ ಒತ್ತಡ ಅಳೆಯುತ್ತದೆಯೇ? ನೋಡಿದರೆ ಒತ್ತಡ ಇಳಿಯುತ್ತದೆಯೇ?

ಪ್ರಶ್ನೆ: ನನಗೆ 36 ವರ್ಷ. ಲೆಕ್ಕಪತ್ರದ ಕೆಲಸ, ದಿನವಿಡೀ ಕಂಪ್ಯೂಟರ್ ಮುಂದೆ. ಒಂದೂವರೆ ವರ್ಷದಿಂದ ನಿದ್ದೆ ಸರಿಯಿಲ್ಲ, ಸಣ್ಣಪುಟ್ಟದ್ದಕ್ಕೂ ಎದೆ ಡವಡವ ಅನ್ನುತ್ತದೆ. ವೈದ್ಯರು ಆತಂಕಕ್ಕೆಂದು ಮಾತ್ರೆ ಕೊಟ್ಟಿದ್ದಾರೆ, ಎರಡು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂತು. ‘ಜಪಾನಿನ ನರರೋಗ ತಜ್ಞರು ಮಾಡಿದ್ದು. ಚಿತ್ರ ನಿಂತಂತೆ ಕಂಡರೆ ನೀವು ಆರಾಮಾಗಿದ್ದೀರಿ, ನಿಧಾನವಾಗಿ ಕದಲಿದರೆ ಸ್ವಲ್ಪ ಒತ್ತಡ, ಜೋರಾಗಿ ಕದಲಿದರೆ ತೀವ್ರ ಒತ್ತಡ’ ಎಂದು ಬರೆದಿತ್ತು. ನನಗೆ ಅದು ಗಿರಗಿರ ತಿರುಗಿತು. ನನ್ನ ಗಂಡನಿಗೆ ಒಂದಿಷ್ಟೂ ಕದಲಲಿಲ್ಲ. ಅವತ್ತಿನಿಂದ ನನಗೇನೋ ಆಗಿದೆ ಎಂಬ ಭಯ. ರಾತ್ರಿ ಮಲಗಿದ ಮೇಲೆ ಮೊಬೈಲಿನಲ್ಲಿ ಮನಸ್ಸನ್ನು ಶಾಂತಗೊಳಿಸುವ ವಿಡಿಯೊ ಹಾಕಿಕೊಳ್ಳುತ್ತೇನೆ: ಒಳಗೊಳಗೆ ಹೋಗುತ್ತಲೇ ಇರುವ ಸುರುಳಿಗಳು, ಬಣ್ಣ ಬದಲಿಸುವ ವಿನ್ಯಾಸಗಳು, ಅಲೆಗಳು. ಕೆಲವು ಹಿತ ಅನ್ನಿಸುತ್ತವೆ. ಕೆಲವನ್ನು ನೋಡಿದರೆ ತಲೆಸುತ್ತು, ತಲೆನೋವು. ಮಂಡಲಕ್ಕೆ ಬಣ್ಣ ತುಂಬುವ ಪುಸ್ತಕವನ್ನೂ ತಂದಿದ್ದೇನೆ. ಇವೆಲ್ಲ ನಿಜಕ್ಕೂ ಕೆಲಸ ಮಾಡುತ್ತವೆಯೇ? ಯಾವ ಚಿತ್ರ ನೋಡಿದರೆ ಒಳ್ಳೆಯದು? ಇದರಿಂದಲೇ ಸರಿಹೋಗುವುದಾದರೆ ಮಾತ್ರೆ ಬಿಡಬಹುದೇ?

ಉತ್ತರ: ಮೊದಲು ಆ ವಾಟ್ಸಾಪ್ ಚಿತ್ರದ ವಿಷಯ ಮುಗಿಸಿಬಿಡೋಣ. ನಿಮ್ಮ ಭಯಕ್ಕೆ ಒಂದು ರೂಪ ಸಿಕ್ಕಿರುವುದೇ ಅದರಿಂದ. ಅದು ಒತ್ತಡದ ಪರೀಕ್ಷೆಯೂ ಅಲ್ಲ, ನರರೋಗ ತಜ್ಞರು ಮಾಡಿದ್ದೂ ಅಲ್ಲ. ಈ ಒಕ್ಕಣೆ ಹೊತ್ತು ಹೆಚ್ಚಾಗಿ ಓಡಾಡುವ ಚಿತ್ರವನ್ನು 2016ರಲ್ಲಿ ರಚಿಸಿದವರು ಯೂರಿ ಪೆರೆಪಾಡ್ಯಾ ಎಂಬ ಉಕ್ರೇನಿನ ಕಲಾವಿದ. ತಮ್ಮ ಚಿತ್ರಕ್ಕೆ ಯಾರೋ ವೈದ್ಯರ ಹೆಸರು ಅಂಟಿಸಿ ಜಗತ್ತೆಲ್ಲ ಹಂಚುತ್ತಿರುವುದನ್ನು ಕಂಡು ಅವರೇ ಇದನ್ನು ಬಹಿರಂಗವಾಗಿ ಹೇಳಿದರು. ಜಪಾನಿನ ನಂಟು ಇರುವುದು ಬೇರೆ ರೀತಿಯಲ್ಲಿ. ಇಂಥ ದೃಷ್ಟಿಭ್ರಮೆಗಳನ್ನು ಅಧ್ಯಯನ ಮಾಡಿ ಹೆಸರಾದ ಮನಃಶಾಸ್ತ್ರಜ್ಞ ಅಕಿಯೋಶಿ ಕಿತಾವೊಕ ಜಪಾನಿನವರು. 2003ರಲ್ಲಿ ಅವರು ಮಾಡಿದ ತಿರುಗುವ ಹಾವುಗಳ ಚಿತ್ರ ಇಂಥವುಗಳಲ್ಲೆಲ್ಲ ಪ್ರಸಿದ್ಧ. ಪೆರೆಪಾಡ್ಯಾ ಬಳಸಿಕೊಂಡಿದ್ದು ಕಿತಾವೊಕ ತೋರಿಸಿದ ತಂತ್ರವನ್ನೇ.

ಚಿತ್ರ ಕದಲಿದಂತೆ ಏಕೆ ಕಾಣುತ್ತದೆ? ಅದರಲ್ಲಿ ಕಪ್ಪು, ಗಾಢ ಬಣ್ಣ, ಬಿಳಿ, ತಿಳಿ ಬಣ್ಣ ಇದೇ ಸರದಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಬೆಳಕಿನ ವ್ಯತ್ಯಾಸ ಎದ್ದು ಕಾಣುವಲ್ಲಿ ಕಣ್ಣಿನ ಸಂಕೇತ ಬೇಗ ಹೊರಡುತ್ತದೆ, ಮಂದವಾಗಿರುವಲ್ಲಿ ತಡವಾಗಿ. ಈ ಸಮಯದ ಅಂತರವನ್ನು ಮೆದುಳು ಚಲನೆ ಎಂದು ಓದಿಕೊಳ್ಳುತ್ತದೆ. ನೀವೇ ಪರೀಕ್ಷಿಸಿ: ಚಿತ್ರದ ಒಂದೇ ಒಂದು ಚುಕ್ಕಿಯ ಮೇಲೆ ಕೆಲವು ಸೆಕೆಂಡು ಕಣ್ಣು ನೆಟ್ಟರೆ ಆ ಭಾಗ ನಿಲ್ಲುತ್ತದೆ, ಅಂಚಿನವು ಮಾತ್ರ ಕದಲುತ್ತವೆ. ರೆಪ್ಪೆ ಬಡಿದರೆ, ನೋಟ ಸರಿಸಿದರೆ ಮತ್ತೆ ಶುರು. ನಿಮ್ಮ ಒತ್ತಡ ಆ ಐದು ಸೆಕೆಂಡಿನಲ್ಲಿ ಇಳಿದು ಮತ್ತೆ ಏರಿತೇ? ಇಲ್ಲ. ಕೆಲವರಿಗೆ ಈ ಭ್ರಮೆ ಜೋರು, ಕೆಲವರಿಗೆ ಸಪ್ಪೆ, ಕೆಲವರಿಗೆ ಕಾಣುವುದೇ ಇಲ್ಲ. ವಯಸ್ಸಾದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಪರದೆಯ ಗಾತ್ರ, ಬೆಳಕು, ನೋಡುವ ದೂರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಯಜಮಾನರಿಗೆ ಅದು ಕದಲಲಿಲ್ಲ ಎಂದರೆ ಅವರು ನಿಶ್ಚಿಂತರು ಎಂದಲ್ಲ!

ನನ್ನ ಬಳಿ ಬರುವವರೂ ಈ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ನಿಮ್ಮ ಹಾಗೆಯೇ ಕೇಳುವುದುಂಟು. ಒತ್ತಡ ಇರುವವರಿಗೆ ‘ನಿಮಗೆ ಒತ್ತಡ ಇದೆ’ ಎಂದು ಯಾವ ಚಿತ್ರ ಹೇಳಿದರೂ ಸರಿಯೆನ್ನಿಸುತ್ತದೆ. ಇಂಥ ಸಂದೇಶಗಳು ಬದುಕುವುದೇ ಅದರ ಮೇಲೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಚಿತ್ರ, ವಿನ್ಯಾಸ ನೋಡುವುದರಿಂದ ಒತ್ತಡ ಇಳಿಯುತ್ತದೆಯೇ? ಇಳಿಯುತ್ತದೆ, ಆದರೆ ಸ್ವಲ್ಪ, ಸ್ವಲ್ಪ ಹೊತ್ತಿಗೆ. ಆ ಸ್ವಲ್ಪವೂ ಬೇಕಾದದ್ದೇ, ಅದಕ್ಕೇ ಅದರ ಹಿಂದಿನ ಕಾರಣವನ್ನು ಕೊಂಚ ಬಿಡಿಸಿ ಹೇಳುತ್ತೇನೆ.

ಒತ್ತಡದಲ್ಲಿರುವಾಗ ದೇಹ ಅಪಾಯಕ್ಕೆ ಸಜ್ಜಾಗಿ ಕೂತಿರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಮೇಲೆ ಮೇಲೆಯೇ ಆಡುತ್ತದೆ, ಭುಜ ಬಿಗಿಯುತ್ತದೆ, ಗಮನವೆಲ್ಲ ಒಂದೇ ವಿಷಯದ ಮೇಲೆ ಮುದುಡುತ್ತದೆ. ಇದರ ಮೇಲೆ ನಿಮ್ಮದು ಅಂಕಿಸಂಖ್ಯೆಯ ಕೆಲಸ. ಒಂದು ಸಾಲು ತಪ್ಪಬಾರದು ಎಂದು ಬಲವಂತವಾಗಿ ಹಿಡಿದ ಗಮನ, ಎತ್ತಿ ಹಿಡಿದ ತೋಳಿನ ಹಾಗೆ, ಹೊತ್ತು ಕಳೆದಂತೆ ಸೋಲುತ್ತದೆ. ಸ್ಟೀಫನ್ ಕ್ಯಾಪ್ಲನ್ ಮತ್ತು ರೇಚಲ್ ಕ್ಯಾಪ್ಲನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ದಂಪತಿ 1980ರ ದಶಕದಲ್ಲಿ ಇದರ ಸುತ್ತ ಒಂದು ಸಿದ್ಧಾಂತ ಕಟ್ಟಿದರು. ಮರದ ಎಲೆಗಳ ಅಲುಗಾಟ, ಮೋಡ, ಹರಿಯುವ ನೀರು ನಮ್ಮ ಗಮನವನ್ನು ಸೆಳೆಯುತ್ತವೆ, ಆದರೆ ಕಿತ್ತುಕೊಳ್ಳುವುದಿಲ್ಲ. ನೋಡಿ ಏನನ್ನೂ ನಿರ್ಧರಿಸಬೇಕಿಲ್ಲ, ಉತ್ತರಿಸಬೇಕಿಲ್ಲ. ಆ ಹೊತ್ತಿನಲ್ಲಿ ದಣಿದ ಗಮನ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ವಾದ. 2008ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಕೆಲವರಿಗೆ ಸುಮಾರು 10 ನಿಮಿಷ ಪ್ರಕೃತಿಯ ಫೋಟೊ, ಇನ್ನೊಮ್ಮೆ ನಗರದ ಫೋಟೊ ತೋರಿಸಿ, ಕೇಳಿದ ಅಂಕೆಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಿದರು. ಪ್ರಕೃತಿಯ ಫೋಟೊ ನೋಡಿದ ನಂತರ ಫಲಿತಾಂಶ ಸುಧಾರಿಸಿತ್ತು. ಬರೀ ಫೋಟೊ ಎಂಬುದನ್ನು ಗಮನಿಸಿ.

ಇದಕ್ಕೂ ಹಿಂದಿನ, ಇನ್ನೂ ಹೆಸರಾದ ಅಧ್ಯಯನ ರೋಜರ್ ಉಲ್ರಿಚ್ ಅವರದು, 1984ರಲ್ಲಿ ಪ್ರಕಟವಾದದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ತೆಗೆದರು. ಅರ್ಧ ಮಂದಿಯ ಕಿಟಕಿಯಾಚೆ ಮರಗಳು, ಉಳಿದರ್ಧ ಮಂದಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಾಣುತ್ತಿದ್ದವರು 8.70 ದಿನಕ್ಕೆ. ಮೊದಲಿನವರು ಬಲವಾದ ನೋವುನಿವಾರಕಗಳನ್ನೂ ಕಡಿಮೆ ಕೇಳಿದ್ದರು. ಆಸ್ಪತ್ರೆಗಳ ಗೋಡೆಯ ಮೇಲೆ ಕಾಡು, ಸರೋವರದ ದೊಡ್ಡ ಫೋಟೊಗಳು ಬರುವುದಕ್ಕೆ ಈ ಅಧ್ಯಯನವೂ ಒಂದು ಕಾರಣ. ಆದರೆ ಅಂತರ ಎಷ್ಟೆಂದು ನೋಡಿ: ಮುಕ್ಕಾಲು ದಿನ. ಮರ ನೋಡಿ ಯಾರ ಪಿತ್ತಕೋಶದ ಕಲ್ಲೂ ಕರಗಲಿಲ್ಲ. ಶಸ್ತ್ರಚಿಕಿತ್ಸೆ ಬೇಕೇ ಬೇಕಿತ್ತು, ಮರ ಅದರ ಜೊತೆಗಿತ್ತು. ನಿಮ್ಮ ಮಾತ್ರೆಯ ಪ್ರಶ್ನೆಗೂ ಉತ್ತರ ಹೆಚ್ಚುಕಡಿಮೆ ಇದೇ, ಅಲ್ಲಿಗೆ ಆಮೇಲೆ ಬರುತ್ತೇನೆ.

ಇನ್ನು ವಿನ್ಯಾಸಗಳು. ಕೆಲವು ನಿಮಗೆ ಹಿತವೆನಿಸುತ್ತವೆ, ಕೆಲವು ತಲೆನೋವು ತರುತ್ತವೆ ಎಂದಿದ್ದೀರಿ. ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಈ ಸಾಲೇ. ಎರಡಕ್ಕೂ ಕಾರಣವಿದೆ.

ಒಂದು ಮರ ನೋಡಿ. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯಿಂದ ಕಡ್ಡಿ. ದೂರದಿಂದ ಕಂಡ ಕವಲೊಡೆಯುವ ಆಕಾರವೇ ಹತ್ತಿರ ಹೋದಂತೆ ಚಿಕ್ಕದಾಗಿ ಮತ್ತೆ ಕಾಣುತ್ತದೆ. ಎಲೆಯ ನರ, ಮೋಡದ ಅಂಚು, ಕಡಲತೀರದ ಗೆರೆ ಎಲ್ಲ ಹೀಗೆಯೇ. ಇಂಥ ಆಕಾರಗಳಿಗೆ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1975ರಲ್ಲಿ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು. ಅವುಗಳ ಜಟಿಲತೆಯನ್ನು 1ರಿಂದ 2ರ ನಡುವಿನ ಅಂಕಿಯಲ್ಲಿ ಅಳೆಯುತ್ತಾರೆ. ನುಣುಪಾದ ಗೆರೆಗೆ 1, ಕಾಗದವನ್ನೆಲ್ಲ ತುಂಬಿಬಿಡುವಷ್ಟು ಗಿಜಿಗುಡುವ ಗೆರೆಗೆ 2. ಆರೆಗನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಿಚರ್ಡ್ ಟೇಲರ್ ಮತ್ತು ಅವರ ಜೊತೆಗಾರರು, ಜನ ಹೆಚ್ಚು ಇಷ್ಟಪಡುವುದು, ನೋಡಿದಾಗ ದೇಹವೂ ಸಡಿಲಗೊಳ್ಳುವುದು 1.3ರಿಂದ 1.5ರ ಆಸುಪಾಸಿನ ವಿನ್ಯಾಸಗಳಿಗೆ ಎಂದು ತೋರಿಸಿದ್ದಾರೆ. ತೀರ ಬೋಳೂ ಅಲ್ಲ, ತೀರ ದಟ್ಟವೂ ಅಲ್ಲ. ಪ್ರಕೃತಿಯಲ್ಲಿ ನಮ್ಮ ಕಣ್ಣಿಗೆ ಬೀಳುವ ಬಹಳಷ್ಟು ಸಂಗತಿಗಳು ಈ ನಡುವಿನವೇ, ಕಣ್ಣು ಅವುಗಳ ಮೇಲೆ ಸಲೀಸಾಗಿ ಓಡಾಡುತ್ತದೆ. ಹಾಗೆಂದು ‘1.4ರ ಚಿತ್ರ’ ಹುಡುಕಿಕೊಂಡು ಹೋಗಬೇಡಿ. ಕಿಟಕಿಯಾಚೆಯ ಮರ ಸಾಕು.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಸಾಲುಸಾಲು ಕಪ್ಪು-ಬಿಳಿ ಪಟ್ಟೆಗಳು. ಬ್ರಿಟನ್ನಿನ ಮನಃಶಾಸ್ತ್ರಜ್ಞ ಆರ್ನಲ್ಡ್ ವಿಲ್ಕಿನ್ಸ್ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿದರು. ಕಣ್ಣಿನಿಂದ ಸುಮಾರು 57 ಸೆಂಟಿಮೀಟರ್ ದೂರದಲ್ಲಿ, ಒಂದು ಸೆಂಟಿಮೀಟರ್ ಅಗಲದೊಳಗೆ ಮೂರು ಕಪ್ಪು, ಮೂರು ಬಿಳಿ ಪಟ್ಟೆ ಬರುವಂತಿದ್ದರೆ ಅದು ಕಣ್ಣಿಗೆ ಅತ್ಯಂತ ಹಿಂಸೆ. ಪಟ್ಟೆಗಳು ಮಿಣುಕುತ್ತವೆ, ಇಲ್ಲದ ಬಣ್ಣ ಕಾಣುತ್ತದೆ, ತಲೆ ಭಾರವಾಗುತ್ತದೆ. ಪ್ರಕೃತಿಯಲ್ಲಿ ಸಿಗದ ಈ ಬಗೆಯ ವಿನ್ಯಾಸವನ್ನು ಅರಗಿಸಿಕೊಳ್ಳಲು ಮೆದುಳಿನ ದೃಷ್ಟಿಭಾಗ ಹೆಚ್ಚು ದುಡಿಯಬೇಕಾಗುತ್ತದೆ ಎಂಬುದು ಅವರ ವಿವರಣೆ. ಮೈಗ್ರೇನ್ ಇರುವವರಿಗಂತೂ ಇದು ಸಹಿಸಲು ಇನ್ನೂ ಕಷ್ಟ. ಒತ್ತೊತ್ತಾಗಿರುವ ತೂತುಗಳ ಚಿತ್ರ ಕಂಡರೆ ಮೈ ಜುಮ್ಮೆನ್ನುವವರೂ ಇದ್ದಾರೆ. ಚಿತ್ರದ ಮೇಲೆ ‘ಶಾಂತಿ’ ಎಂದು ಬರೆದಿದ್ದರೂ ಕಣ್ಣಿಗೆ ಅದು ಗೊತ್ತಾಗುವುದಿಲ್ಲ.

ನಿಮ್ಮ ಸುರುಳಿ ವಿಡಿಯೊಗಳಿಗೆ ಇನ್ನೊಂದು ತೊಂದರೆಯೂ ಸೇರಿಕೊಳ್ಳುತ್ತದೆ. ಪರದೆಯ ತುಂಬ ಎಲ್ಲವೂ ಒಳಮುಖವಾಗಿ ಧಾವಿಸುವಾಗ ಕಣ್ಣು ‘ನಾನು ಚಲಿಸುತ್ತಿದ್ದೇನೆ’ ಎನ್ನುತ್ತದೆ, ಒಳಗಿವಿಯ ಸಮತೋಲನದ ಅಂಗ ‘ಇಲ್ಲ, ಮಲಗಿದ್ದೇನೆ’ ಎನ್ನುತ್ತದೆ. ಈ ಜಗಳವೇ ತಲೆಸುತ್ತು, ವಾಕರಿಕೆ. ಎದೆ ಡವಡವ ಅನ್ನುವ ಅಭ್ಯಾಸವಿರುವವರಿಗೆ ಆ ತಲೆಸುತ್ತೇ ಹೊಸ ಗಾಬರಿಯನ್ನು ಹುಟ್ಟಿಸಬಲ್ಲದು. ಜೊತೆಗೆ ಬೆಳಕು ಪಕಪಕ ಮಿನುಗುವ ವಿಡಿಯೊಗಳಿದ್ದರೆ ಅವು ಬೇಡವೇ ಬೇಡ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಒಂದು ಟಿವಿ ಕಾರ್ಟೂನಿನ ಕೆಂಪು-ನೀಲಿ ಮಿನುಗು ನೋಡಿ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಏನೂ ಮಿನುಗಬಾರದು ಎಂಬುದು ಈಗ ವೆಬ್ ಪುಟಗಳಿಗಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ. ನಿಮಗಾಗಲಿ ಮನೆಯವರಿಗಾಗಲಿ ಅಪಸ್ಮಾರ (ಮೂರ್ಛೆರೋಗ) ಇದ್ದರೆ ಈ ಎಚ್ಚರ ಇಮ್ಮಡಿ ಇರಲಿ.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುವವರು ಬಹಳ. ‘ನೀಲಿ ಶಾಂತಿ, ಹಸಿರು ಸಮಾಧಾನ, ಕೆಂಪು ಕೋಪ’ ಎಂಬ ಪಟ್ಟಿಗಳನ್ನು ಅಷ್ಟಾಗಿ ನಂಬಬೇಡಿ. ಒಂದು ಬಗೆಯ ಗುಲಾಬಿ ಬಣ್ಣ ಮನುಷ್ಯರ ಆಕ್ರೋಶ ಇಳಿಸುತ್ತದೆ ಎಂಬ ಮಾತು 1979ರ ಸುಮಾರಿಗೆ ಅಮೆರಿಕದಲ್ಲಿ ಹಬ್ಬಿ, ಸೆರೆಮನೆಯ ಕೋಣೆಗಳಿಗೂ ಆ ಬಣ್ಣ ಬಳಿದರು. ಮುಂದೆ ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಆ ಪರಿಣಾಮ ಸಿಗಲಿಲ್ಲ. ತೀರ ಪ್ರಖರ ಬಣ್ಣ ಕಣ್ಣಿಗೆ ಚುಚ್ಚುತ್ತದೆ, ಮಂದ ಬಣ್ಣ ಚುಚ್ಚುವುದಿಲ್ಲ. ಅದರಾಚೆ ನಿಮಗೆ ಇಷ್ಟವಾದದ್ದೇ ಸರಿ.

ಮಂಡಲದ ಪುಸ್ತಕ ಇಟ್ಟುಕೊಳ್ಳಿ. ಬಣ್ಣ ತುಂಬುವುದರಿಂದ ಆ ಹೊತ್ತಿನ ಆತಂಕ ಕಡಿಮೆಯಾಗುತ್ತದೆ ಎಂದು 2005ರಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು ಹೇಳಿತು. ಬಿಳಿ ಹಾಳೆ ಕೊಟ್ಟು ‘ಏನಾದರೂ ಬಿಡಿಸಿ’ ಎಂದವರಿಗಿಂತ, ಮಂಡಲಕ್ಕೋ ಚೌಕುಳಿ ವಿನ್ಯಾಸಕ್ಕೋ ಬಣ್ಣ ತುಂಬಿದವರಿಗೆ ಹೆಚ್ಚು ಸಮಾಧಾನವಾಗಿತ್ತು. ಮಂಡಲಕ್ಕೇ ವಿಶೇಷ ಶಕ್ತಿ ಇದೆಯೇ ಎಂಬುದರಲ್ಲಿ ನಂತರದ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ನನ್ನ ಅನುಭವದಲ್ಲಿ ಕೆಲಸ ಮಾಡುವುದು ವೃತ್ತವಲ್ಲ, ಕೈ. ಏನು ಬಿಡಿಸಲಿ ಎಂಬ ತಲೆಬಿಸಿ ಇಲ್ಲ, ಆದರೂ ಗೆರೆ ದಾಟದಂತೆ ಕಣ್ಣು-ಕೈ ಎರಡೂ ತೊಡಗಿರಬೇಕು. ಚಿಂತೆಗೆ ಉಳಿಯುವ ಜಾಗ ಕಮ್ಮಿ. ಬರೀ ನೋಡುತ್ತ ಮಲಗಿದ್ದಾಗ ಹಾಗಲ್ಲ, ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ನಾಳೆಯ ಲೆಕ್ಕ ಹಾಕುತ್ತಿರುತ್ತದೆ. ಹಾಗಾಗಿ ನೀವು ಮಾಡುತ್ತಿರುವ ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು ಬಣ್ಣದ ಪೆನ್ಸಿಲನ್ನೇ ಆರಿಸುತ್ತೇನೆ. ಒಂದೇ ಷರತ್ತು: ‘ಇಂದು ಪುಟ ಮುಗಿಸಲೇಬೇಕು’ ಎಂದು ಹಟ ಹಿಡಿಯಬಾರದು. ಲೆಕ್ಕಪತ್ರ ನೋಡುವವರಿಗೆ ಈ ಎಚ್ಚರಿಕೆ ಹೇಳಿಯೇ ತೀರಬೇಕು.

ಉಸಿರಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ವೃತ್ತದ ವಿಡಿಯೊಗಳನ್ನೂ ನೀವು ನೋಡಿರಬಹುದು. ಅವು ಒಳ್ಳೆಯವು, ಆದರೆ ಉಪಕಾರ ವೃತ್ತದ್ದಲ್ಲ, ಉಸಿರಿನದು. ನಿಮಿಷಕ್ಕೆ ಸುಮಾರು ಆರು ಸಲ, ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ಕೊಂಚ ಉದ್ದ ಮಾಡಿ ಉಸಿರಾಡಿದರೆ ಎದೆಬಡಿತವನ್ನು ನಿಧಾನಿಸುವ ನರವ್ಯವಸ್ಥೆ ಚುರುಕಾಗುತ್ತದೆ. ಅಭ್ಯಾಸವಾಗುವವರೆಗೆ ವೃತ್ತ ತಾಳ ಹಾಕಿಕೊಡುತ್ತದೆ, ಆಮೇಲೆ ಅದು ಬೇಕಾಗುವುದಿಲ್ಲ.

ಹಾಗಾದರೆ ನೀವು ಏನು ಮಾಡಬಹುದು? ರಾತ್ರಿಯ ಮೊಬೈಲನ್ನು ಮೊದಲು ನಿಲ್ಲಿಸಿ. ವಿಡಿಯೊ ಎಷ್ಟೇ ಶಾಂತವಾಗಿರಲಿ, ಅದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಓಡುತ್ತದೆ, ನಡುವೆ ಜಾಹೀರಾತು, ಮೇಲಿನಿಂದ ಒಂದು ಸಂದೇಶ. ಹಾಸಿಗೆ ಎಂದರೆ ಎಚ್ಚರವಾಗಿ ಪರದೆ ನೋಡುವ ಜಾಗ ಎಂದು ಮೆದುಳು ಕಲಿತುಬಿಡುತ್ತದೆ. ನಿದ್ದೆ ಕೆಟ್ಟವರಿಗೆ ಇದರಿಂದ ಆಗುವ ನಷ್ಟ, ಸುರುಳಿಯಿಂದ ಸಿಗುವ ಹಿತಕ್ಕಿಂತ ದೊಡ್ಡದು.

ನೋಡುವುದನ್ನು ಹಗಲಿಗೆ ತನ್ನಿ. ಕೆಲಸದ ನಡುವೆ 20 ನಿಮಿಷಕ್ಕೊಮ್ಮೆ 20 ಸೆಕೆಂಡು 20 ಅಡಿ ಆಚೆ ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದುಂಟಲ್ಲ, ಅದರಿಂದಲೇ ಶುರು ಮಾಡಿ. ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಪುಟ್ಟ ಸ್ನಾಯು ಬಿಗಿದುಕೊಂಡಿರುತ್ತದೆ, ದೂರ ನೋಡಿದಾಗ ಸಡಿಲವಾಗುತ್ತದೆ. ಪರದೆಯ ಮುಂದೆ ರೆಪ್ಪೆ ಬಡಿಯುವುದೂ ಕಡಿಮೆಯಾಗುವುದರಿಂದ ಕಣ್ಣುರಿ, ತಲೆಭಾರ. ನಿಮ್ಮ ತಲೆನೋವಿನಲ್ಲಿ ಒಂದು ಪಾಲು ಇದರದ್ದೇ ಇರಬಹುದು. ಆಮೇಲೆ ದಿನಕ್ಕೆ ಒಂದೆರಡು ಸಲ ನಾಲ್ಕೈದು ನಿಮಿಷ ಬಿಡುವು ಮಾಡಿಕೊಂಡು ಮರವನ್ನೋ ಆಕಾಶವನ್ನೋ ನೋಡಿ. ಏನೂ ಕಾಣದ ಕೋಣೆಯಾದರೆ ಗೋಡೆಗೆ ಒಂದು ದೊಡ್ಡ ಫೋಟೊ, ಅಲುಗಾಡದ್ದು. ಸುಮ್ಮನೆ ದಿಟ್ಟಿಸಬೇಡಿ: ಒಂದು ಕೊಂಬೆ ಹಿಡಿದು ಅದರ ಕವಲುಗಳ ಉದ್ದಕ್ಕೂ ತುದಿಯವರೆಗೆ ನೋಟವನ್ನು ನಿಧಾನವಾಗಿ ಓಡಿಸಿ, ಉಸಿರು ಬಿಡುವಾಗ ಭುಜ ಇಳಿಬಿಡಿ. ನಡುವೆ ಚಿಂತೆ ನುಗ್ಗಿದರೆ ನುಗ್ಗಲಿ, ಬಿಟ್ಟಲ್ಲಿಂದ ಮತ್ತೆ ಹಿಡಿಯಿರಿ. ಚಿತ್ರದ ಆಯ್ಕೆಯಲ್ಲಿ ಸ್ವಂತ ನೆನಪಿಗೂ ಪಾಲಿದೆ. ಎಲ್ಲರೂ ಕಡಲನ್ನು ಹೊಗಳುತ್ತಾರೆ, ಆದರೆ ನೀರಿನಲ್ಲಿ ಒಮ್ಮೆ ಮುಳುಗಿ ಬದುಕಿದವರಿಗೆ ಅಲೆಯ ಚಿತ್ರ ಹಿತವಾಗುವುದಿಲ್ಲ.

ಕಣ್ಣು ಮುಚ್ಚಿ ಸುಂದರ ಜಾಗ ಊಹಿಸಿಕೊಳ್ಳಿ ಎನ್ನುವ ವಿಧಾನವೂ ಇದೆ, ಹಲವರಿಗೆ ಉಪಯೋಗವಾಗುತ್ತದೆ. ಆದರೆ ಕೆಲವರಿಗೆ ಕಣ್ಣು ಮುಚ್ಚಿದರೆ ಚಿತ್ರವೇ ಮೂಡುವುದಿಲ್ಲ. ಅದು ಕಾಯಿಲೆಯಲ್ಲ, ಹುಟ್ಟಿನಿಂದ ಬಂದ ಬಗೆ ಅಷ್ಟೆ. ಅಂಥವರು ಎದುರಿಗಿರುವುದನ್ನೇ ನೋಡಿದರಾಯಿತು.

ಅಪಾಯಗಳೇನು ಎಂದರೆ, ಒಂದು ಆಗಲೇ ಹೇಳಿದ ತಲೆಸುತ್ತು, ತಲೆನೋವು. ಇನ್ನೊಂದನ್ನು ಜನ ಅಷ್ಟಾಗಿ ಮಾತಾಡುವುದಿಲ್ಲ: ಆರಾಮವಾಗಲು ಹೋದಾಗಲೇ ಕೆಲವರಿಗೆ ಆತಂಕ ಏರುತ್ತದೆ. ಸುಮ್ಮನೆ ಕೂತ ಕೂಡಲೇ ಗಮನ ಒಳಗೆ ತಿರುಗಿ ಎದೆಬಡಿತ ಕೇಳಿಸತೊಡಗುತ್ತದೆ, ಇಲ್ಲವೇ ‘ಇನ್ನೂ ಶಾಂತವಾಗಲಿಲ್ಲವಲ್ಲ’ ಎಂಬ ತಪಾಸಣೆ ಶುರುವಾಗುತ್ತದೆ. ಆ ವಾಟ್ಸಾಪ್ ಚಿತ್ರ ನಿಮಗೆ ಕಲಿಸಿದ್ದು ಇದೇ ತಪಾಸಣೆಯನ್ನು. ಹೀಗಾದರೆ ಕೂತು ನೋಡುವುದನ್ನು ಬಿಟ್ಟು ನಡೆಯುತ್ತ ನೋಡಿ, ಅಥವಾ ಬಣ್ಣ ತುಂಬಿ. ಮೂರನೆಯದು, ಇದನ್ನೇ ಮದ್ದೆಂದುಕೊಂಡು ಬೇಕಾದ ಚಿಕಿತ್ಸೆಯನ್ನು ಮುಂದೂಡುವುದು.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆ ಬರೆಯುವುದು ನನ್ನಂಥ ಮನಃಶಾಸ್ತ್ರಜ್ಞರ ಕೆಲಸವಲ್ಲ, ಆದರೆ ಇಷ್ಟು ಹೇಳಬಲ್ಲೆ: ಆತಂಕಕ್ಕೆ ಕೊಡುವ ಮಾತ್ರೆಗಳಲ್ಲಿ ಕೆಲವು ಪೂರ್ತಿ ಕೆಲಸ ಮಾಡಲು ಹಲವು ವಾರ ಬೇಕು, ಕೆಲವನ್ನು ಥಟ್ಟನೆ ಬಿಟ್ಟರೆ ನಿದ್ರಾಹೀನತೆ, ತಲೆಸುತ್ತು, ಮೊದಲಿಗಿಂತ ಹೆಚ್ಚಿನ ಆತಂಕ ಬರಬಹುದು. ಬಿಡುವ ಕಾಲ ಬಂದಾಗ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಎರಡು ತಿಂಗಳಾಗಿಯೂ ನಿದ್ದೆ, ಎದೆಬಡಿತ ಹಾಗೇ ಇದ್ದರೆ ಅದನ್ನು ಅವರಿಗೆ ಹೇಳಿ. ಥೈರಾಯ್ಡ್ ಏರುಪೇರು, ರಕ್ತಹೀನತೆ ಕೂಡ ಎದೆ ಡವಡವ ಅನ್ನಿಸುತ್ತವೆ. ರಕ್ತಪರೀಕ್ಷೆ ಆಗಿಲ್ಲವಾದರೆ ಬೇಕೇ ಎಂದು ಕೇಳಿ. ನಿದ್ದೆಗೂ ಆತಂಕಕ್ಕೂ ಮಾತಿನ ಚಿಕಿತ್ಸೆ ಇದೆ, ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಸೂಚಿಸುವುದೇ ಅದನ್ನು. ಎದೆನೋವು, ಪ್ರಜ್ಞೆ ತಪ್ಪುವುದು, ಹಿಂದೆಂದೂ ಬಾರದಂಥ ತೀವ್ರ ತಲೆನೋವು, ಬದುಕು ಸಾಕೆನ್ನಿಸುವ ಯೋಚನೆ, ಇವುಗಳಲ್ಲಿ ಯಾವುದಿದ್ದರೂ ಮುಂದಿನ ಭೇಟಿಗೆ ಕಾಯದೆ ಅಂದೇ ಹೋಗಿ.

ನೀವು ಬರೆಯದ ಒಂದು ವಿಷಯವೂ ಇದೆ. ಒಂದೂವರೆ ವರ್ಷದ ಹಿಂದೆ ಏನು ಬದಲಾಯಿತು? ಕೆಲಸ ಹೆಚ್ಚಿತೇ, ಮನೆಯಲ್ಲಿ ಏನಾದರೂ ಆಯಿತೇ? ಅದನ್ನು ಯಾವ ಚಿತ್ರವೂ ಸರಿಮಾಡಲಾರದು. ಸುರುಳಿ ವಿಡಿಯೊಗಳನ್ನು ಇಂದೇ ಬಿಡಿ. ಅವು ನಿಂತ ಎರಡು ವಾರದ ಮೇಲೂ ತಲೆನೋವು ಬರುತ್ತಿದ್ದರೆ ಯಾವ ಹೊತ್ತಿಗೆ, ಎಷ್ಟು ಹೊತ್ತು, ಬೆಳಕು ಕಂಡರೆ ಹೆಚ್ಚುತ್ತದೆಯೇ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಮೈಗ್ರೇನ್ ಇದೆಯೇ ಎಂದು ತಿಳಿಯಲು ಅವರಿಗೆ ಬೇಕಾಗುವುದು ಇಂಥ ವಿವರಗಳೇ.